ಲ್ಯಾಪ್‌ಟಾಪಿನಲ್ಲಿ ಪುರಾತತ್ವ ಕಲೀಬಹುದು, ವರದಿ ಸಿಕ್ಕರೆ

ಮೂವತ್ನಾಲ್ಕನೇ ವಯಸ್ಸಲ್ಲಿ ಪುರಾತತ್ವದ ಆನ್‌ಲೈನ್ ಕೋರ್ಸಿಗೆ ಸೇರಿದೆ ಅಂದಾಗ ಎಂಜಿನಿಯರಿಂಗ್ ಗೆಳೆಯನೊಬ್ಬ ಕೇಳಿದ: ‘ಲ್ಯಾಪ್‌ಟಾಪಲ್ಲಿ ನೆಲ ಅಗೀತೀಯೇನೋ?’ ನ್ಯಾಯವಾದ ಪ್ರಶ್ನೆಯೇ. ಬಿಸಿಲಲ್ಲಿ ಕೂತು, ಮಣ್ಣಿನ ಬಣ್ಣ ಬದಲಾಗುವ ಗೆರೆ ಗುರುತಿಸೋದನ್ನು ಯಾವ ವಿಡಿಯೊವೂ ಕಲಿಸಲ್ಲ.

ಆದರೆ ಅಗೆಯೋದು ಈ ವಿದ್ಯೆಯ ಅರ್ಧ ಮಾತ್ರ. ಮಡಕೆ ಚೂರು ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು? ಕಾಲ ನಿರ್ಣಯಕ್ಕೆ ಕಳಿಸಿದ ಇದ್ದಿಲು ಆ ಪದರದ್ದೇನಾ, ಇಲಿ ಬಿಲದಿಂದ ಕೆಳಗೆ ಜಾರಿದ್ದಾ? ಇಂಥ ಪ್ರಶ್ನೆ ಕೇಳೋದನ್ನು ಕೆಲಸ ಮುಗಿಸಿ, ರಾತ್ರಿ ಮನೆಯಲ್ಲೇ ಕೂತು ಕಲಿಯಬಹುದು. ಹೊರಗಿನವರು ಈ ಕ್ಷೇತ್ರಕ್ಕೆ ಹೊಸಬರೂ ಅಲ್ಲ. ಅಶೋಕನ ಹೆಸರಿರುವ ಮಸ್ಕಿ ಶಾಸನವನ್ನು 1915ರಲ್ಲಿ ಕಂಡ ಸಿ. ಬೀಡನ್, ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್.

ಒಂದು ನೆಲೆ ಆರಿಸಿ ಅದರ ಉತ್ಖನನ ವರದಿಯನ್ನು ವಿಮರ್ಶಿಸಿ ಅನ್ನೋದು ನಮ್ಮ ಅಸೈನ್‌ಮೆಂಟ್. ಇದು ಸುಲಭ ಅಂದ್ಕೊಂಡು ಮದುರೈ ಹತ್ತಿರದ ಕೀಳಡಿಯನ್ನು ಆರಿಸಿದೆ. ಅಲ್ಲಿನ ಮೊದಲ ಎರಡು ಹಂತದ ಉತ್ಖನನದ ನೇತೃತ್ವ ವಹಿಸಿದ್ದ ಅಮರನಾಥ ರಾಮಕೃಷ್ಣ, 982 ಪುಟಗಳ ವರದಿಯನ್ನು ಭಾರತೀಯ ಪುರಾತತ್ವ ಇಲಾಖೆಗೆ (ಎಎಸ್‌ಐ) ಕೊಟ್ಟದ್ದು 2023ರ ಜನವರಿಯಲ್ಲಿ. ಎರಡು ವರ್ಷ ದಾಟಿದ ಮೇಲೆ, 2025ರ ಮೇನಲ್ಲಿ, ಕಾಲಮಾನ ತಿದ್ದಿ ಕೊಡಿ ಅಂತ ಇಲಾಖೆ ಹೇಳಿತು. ಅವರು ಒಪ್ಪಲಿಲ್ಲ. ಜೂನಿನಲ್ಲಿ ವರ್ಗಾವಣೆ. ನನಗೆ ಸಿಕ್ಕಿದ್ದು ಸಚಿವರ ಹೇಳಿಕೆ, ಪಕ್ಷಗಳ ಟ್ವೀಟು, ಟೀವಿ ಜಗಳ. ಪದರಗಳ ನಕ್ಷೆ ಒಂದೂ ಇಲ್ಲ.

ಕೊನೆಗೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಬಂದೆ. ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದ್ದು 1947ರಲ್ಲಿ. ನಕ್ಷೆ, ಪದರ, ಮಡಕೆ ಚಿತ್ರಗಳ ಸಮೇತ ವರದಿ ಬೆನ್ನಲ್ಲೇ ‘ಏನ್ಷಿಯಂಟ್ ಇಂಡಿಯಾ’ದ 4ನೇ ಸಂಚಿಕೆಯಲ್ಲಿ ಬಂತು. ಪಿಡಿಎಫ್ ಫೋನಿನಲ್ಲೇ ತೆರೆಯುತ್ತೆ. ತಮಾಷೆ ಏನಂದ್ರೆ ವೀಲರ್ ಲೆಕ್ಕ ತಪ್ಪಾಗಿತ್ತು. ಕಲ್ಲುಕೊಡಲಿ ಬಳಸುತ್ತಿದ್ದವರನ್ನು ಅವರು ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ ಇಟ್ಟಿದ್ದರು. ಆಮೇಲೆ ಬಂದ ರೇಡಿಯೊಕಾರ್ಬನ್ ಪರೀಕ್ಷೆಗಳು ದಕ್ಷಿಣದ ನವಶಿಲಾಯುಗವನ್ನು ಮೂರನೇ ಸಹಸ್ರಮಾನದವರೆಗೂ ಹಿಂದಕ್ಕೆ ಒಯ್ದವು. ತಪ್ಪು ಅಚ್ಚಾಗಿತ್ತು, ಹಾಗಾಗಿ ಬೇರೆಯವರು ಅದನ್ನು ತಿದ್ದೋಕಾಯ್ತು.

ಅಮರನಾಥರ ಕಾಲಮಾನವೂ ತಪ್ಪಿರಬಹುದು ಸ್ವಾಮಿ. ತಮಿಳು ಅಭಿಮಾನಕ್ಕೆ ಹಿತವಾಗಿದೆ ಅನ್ನೋದು ಅದಕ್ಕೆ ಪುರಾವೆ ಅಲ್ಲ, ದೆಹಲಿಗೆ ಮುಜುಗರ ಅನ್ನೋದು ನಿರಾಕರಣೆಯೂ ಅಲ್ಲ. ಇಲಾಖೆಗೆ ತಕರಾರಿದ್ದರೆ ವರದಿಯ ಜೊತೆಗೇ ಅದನ್ನೂ ಅಚ್ಚು ಹಾಕಲಿ. 1958ರ ಕಾನೂನಿನ ಪ್ರಕಾರ ರಾಜ್ಯ ಸರ್ಕಾರ ಅಗೆಯೋಕೂ ಕೇಂದ್ರದ ಅನುಮತಿ ಬೇಕು. ಅಂದಮೇಲೆ ಅಗೆದದ್ದನ್ನು ಜನರ ಮುಂದಿಡೋ ಹೊಣೆಯೂ ಅಲ್ಲೇ ಇರಬೇಕಲ್ವಾ?

ಬ್ರಹ್ಮಗಿರಿ ಅಸೈನ್‌ಮೆಂಟಿಗೆ ಒಳ್ಳೆ ಅಂಕ ಬಂತು. ಕೀಳಡಿ ಅಂತ ಹೆಸರಿಟ್ಟ ಫೋಲ್ಡರ್ ಡೆಸ್ಕ್‌ಟಾಪಿನಲ್ಲಿ ಹಾಗೇ ಇದೆ, ಒಳಗೆ ಬರೀ ಪತ್ರಿಕಾ ತುಣುಕುಗಳು.