ಮಳೆಗಾಲದ ಫುಕೆಟ್: ಟಿಕೆಟ್ ಅಗ್ಗ, ಕಡಲು ಅಷ್ಟು ಸುಲಭವಲ್ಲ

ಮುಂಗಾರು ಶುರುವಾಯಿತೆಂದರೆ ಮುಂಬೈ, ಪುಣೆ, ಹೈದರಾಬಾದ್‌ನ ಆಫೀಸು ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ಬಗೆಯ ಜಾಹೀರಾತು ತಪ್ಪದೆ ಬರುತ್ತದೆ. ಮೂರು ರಾತ್ರಿ ಫುಕೆಟ್, ಜೊತೆಗೆ ಸ್ಕೂಬಾ ಡೈವಿಂಗ್, ಮಳೆಗಾಲದ ವಿಶೇಷ ರಿಯಾಯಿತಿ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಡಲು ಆರಂಭಿಸಿದ ಮೇಲೆ ಇಂಥ ಪ್ಯಾಕೇಜುಗಳು ಇನ್ನಷ್ಟು ಹೆಚ್ಚಿವೆ. ಬೆಂಗಳೂರು, ಮುಂಬೈ, ದೆಹಲಿಯಿಂದ ನೇರ ವಿಮಾನಗಳಿವೆ. ಸ್ವಾತಂತ್ರ್ಯ ದಿನವೋ ಗಣೇಶ ಚತುರ್ಥಿಯೋ ವಾರಾಂತ್ಯದ ಪಕ್ಕದಲ್ಲಿ ಬಂದರೆ ಒಂದು ದಿನ ರಜೆ ಹಾಕಿ ಹೊರಟುಬಿಡಬಹುದು.

ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಆ ತಿಂಗಳಲ್ಲಿ ಯಾವ ಜಾಗದಲ್ಲಿ ನೀರಿಗಿಳಿಸುತ್ತಾರೆ, ಅಲ್ಲಿಗೆ ಹೋಗಿಬರುವ ದಾರಿಯಲ್ಲಿ ಸಮುದ್ರ ಹೇಗಿರುತ್ತದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಹೊಟೇಲು, ತಿಂಡಿ, ಏರ್‌ಪೋರ್ಟ್ ಟ್ಯಾಕ್ಸಿಯ ವಿವರ ಇರುತ್ತದೆ. ಡೈವಿಂಗ್ ವಿಷಯಕ್ಕೆ ಬಂದಾಗ ಒಂದೇ ಸಾಲು.

ಫುಕೆಟ್ ಇರುವುದು ಅಂಡಮಾನ್ ಸಮುದ್ರದಲ್ಲಿ. ಕಾರವಾರ, ಮಂಗಳೂರಿಗೆ ಮಳೆ ತರುವ ನೈರುತ್ಯ ಮಾರುತವೇ ಅದರ ಪಶ್ಚಿಮ ದಂಡೆಗೂ ಬಡಿಯುತ್ತದೆ. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಥಾಯ್ಲೆಂಡ್‌ನ ಇನ್ನೊಂದು ಬದಿಯ ಕೊಲ್ಲಿಯಲ್ಲಿರುವ ಕೊ ತಾವೊ, ಕೊ ಸಮುಯಿ ದ್ವೀಪಗಳ ಲೆಕ್ಕ ಬೇರೆ. ಅಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದ ಕಾಲದಲ್ಲಿ. ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜುಲೈನಲ್ಲಿ ಊರಿಗೆ ಫೋನ್ ಮಾಡಿದರೆ ಅಲ್ಲಿ ಬಿಡದೆ ಮಳೆ, ಇಲ್ಲಿ ಸುಡುಬಿಸಿಲು. ನವೆಂಬರ್‌ನಲ್ಲಿ ಊರಲ್ಲಿ ಆಕಾಶ ತಿಳಿಯಾಗಿರುತ್ತದೆ, ಇಲ್ಲಿ ರಸ್ತೆಯಲ್ಲಿ ನೀರು. ಫುಕೆಟ್ ಮಂಗಳೂರಿನ ಹಾಗೆ, ಕೊ ತಾವೊ ಚೆನ್ನೈನ ಹಾಗೆ ಎಂದುಕೊಂಡರೆ ಅರ್ಧ ವಿಷಯ ತಿಳಿದಂತೆ.

ಡೈವಿಂಗ್‌ಗೆ ಮಳೆಗಿಂತ ದೊಡ್ಡ ತೊಂದರೆ ಗಾಳಿಯದು. ನೀರಿನೊಳಗೆ ಇದ್ದವರಿಗೆ ಮೇಲೆ ಮಳೆ ಸುರಿಯುವುದು ಅಷ್ಟಾಗಿ ತಟ್ಟುವುದಿಲ್ಲ. ಗಾಳಿ ಎಬ್ಬಿಸುವ ಅಲೆ ಮಾತ್ರ ಬೋಟನ್ನೂ ಬಿಡುವುದಿಲ್ಲ, ದಡದ ಹತ್ತಿರದ ನೀರನ್ನೂ ಬಿಡುವುದಿಲ್ಲ. ಅಲೆಗೆ ತಳದ ಮರಳೆದ್ದು, ದ್ವೀಪದಿಂದ ಹರಿದುಬರುವ ಕೆಂಪು ನೀರೂ ಸೇರಿದರೆ ಎದುರಿನದು ಕಾಣುವುದೇ ಕಷ್ಟ. ಫುಕೆಟ್‌ನ ಪಶ್ಚಿಮಕ್ಕಿರುವ ಪಟಾಂಗ್, ಕರೋನ್, ಕಾಟಾ ಕಡಲತೀರಗಳಲ್ಲಿ ಈ ತಿಂಗಳುಗಳಲ್ಲಿ ಕೆಂಪು ಬಾವುಟ ಹಾರುವುದು ಸಾಮಾನ್ಯ. ದಡದಿಂದ ಒಳಕ್ಕೆಳೆಯುವ ಸೆಳವಿಗೆ ಸಿಕ್ಕಿ ಪ್ರವಾಸಿಗರು ಸಾಯುವ ಸುದ್ದಿ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಬಿಸಿಲಿನ ದಿನಗಳಲ್ಲಿ ಹೊಸಬರಿಗೆ ದಡದಿಂದಲೇ ಡೈವ್ ಕಲಿಸುವ ಕಾಟಾದಲ್ಲಿ ಆಗಸ್ಟ್‌ನಲ್ಲಿ ಈಜುವುದೇ ಅಪಾಯ.

ಹೆಸರಾಂತ ಸಿಮಿಲನ್ ದ್ವೀಪಗಳು ಆ ಕಾಲದಲ್ಲಿ ತೆರೆದಿರುವುದೇ ಇಲ್ಲ. ಈ ರಾಷ್ಟ್ರೀಯ ಉದ್ಯಾನವನ್ನು ಪ್ರತಿ ವರ್ಷ ಮೇ 16ರಿಂದ ಅಕ್ಟೋಬರ್ 14ರವರೆಗೆ ಮುಚ್ಚುತ್ತಾರೆ. ಪ್ರವಾಸಿಗರ ಸುರಕ್ಷತೆ ಒಂದು ಕಾರಣ, ಹವಳಕ್ಕೂ ಮೀನಿಗೂ ಬಿಡುವು ಕೊಡುವುದು ಇನ್ನೊಂದು. ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧಿಸಿ, ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳನ್ನು ಕಟ್ಟಿಹಾಕುವುದು ಇವೇ ಎರಡು ಕಾರಣಕ್ಕೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲೂ ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ಆದ್ದರಿಂದ ಜುಲೈನ ಪ್ಯಾಕೇಜಿನಲ್ಲಿ ಸಿಮಿಲನ್‌ನ ಫೋಟೊ ಹಾಕಿದ್ದರೆ, ಆ ಫೋಟೊ ಬೇರೆ ಋತುವಿನದು ಎಂದು ತಿಳಿಯಬೇಕು.

ಹಾಗಾದರೆ ಉಳಿಯುವುದು ಯಾವುದು? ದ್ವೀಪದ ಪೂರ್ವ ಬದಿ, ಮತ್ತು ಬೇರೆ ದ್ವೀಪಗಳ ಬೆನ್ನಿಗೆ ಗಾಳಿಯಿಂದ ಮರೆಯಾದ ಜಾಗಗಳು. ಫುಕೆಟ್‌ನ ದಕ್ಷಿಣಕ್ಕಿರುವ ರಾಚಾ ಯೈ ದ್ವೀಪದ ಪೂರ್ವ ದಂಡೆಯ ಕೊಲ್ಲಿಗಳು ಮಳೆಗಾಲದ ಮೊದಲ ಆಯ್ಕೆ. ನೈರುತ್ಯದ ಗಾಳಿಗೆ ಇಡೀ ದ್ವೀಪವೇ ಅಡ್ಡ ನಿಲ್ಲುವುದರಿಂದ ಅಲ್ಲಿ ನೀರು ಸಾಮಾನ್ಯವಾಗಿ ಶಾಂತ. ಆಳ ನಿಧಾನವಾಗಿ ಹೆಚ್ಚುತ್ತದೆ, ಸೆಳವು ಕಡಿಮೆ. ಮೊದಲ ಸಲ ಇಳಿಯುವವರಿಗೆ ಹೊಂದುವ ಜಾಗ. ಪಕ್ಕದ ರಾಚಾ ನೋಯ್‌ನಲ್ಲಿ ಆಳವೂ ಹೆಚ್ಚು, ಸೆಳವೂ ಹೆಚ್ಚು. ಫುಕೆಟ್ ಮತ್ತು ಫಿ ಫಿ ನಡುವಿನ ಶಾರ್ಕ್ ಪಾಯಿಂಟ್, ಆನೆಮನಿ ರೀಫ್‌ಗಳಲ್ಲಿ ನೋಡುವುದಕ್ಕೆ ಬಹಳವಿದೆ, ಆದರೆ ಸೆಳವು ಯಾವಾಗ ಬಲವಾಗುತ್ತದೋ ಹೇಳಲಾಗದು. ಅಲ್ಲೇ ಇರುವ ಕಿಂಗ್ ಕ್ರೂಸರ್ 1997ರ ಮೇ 4ರಂದು ಆನೆಮನಿ ರೀಫ್‌ಗೆ ಬಡಿದು ಮುಳುಗಿದ ಹಡಗು. ಅದು ಕುಳಿತಿರುವ ತಳ ಸುಮಾರು 30 ಮೀಟರ್ ಆಳದಲ್ಲಿದೆ. ಹೊಸಬರ ಜಾಗ ಅದಲ್ಲ.

ಪರವಾನಗಿ ಇಲ್ಲದವರ ‘ಟ್ರೈ ಡೈವ್’ಗೆ ಮಿತಿ 12 ಮೀಟರ್. ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್, ಅಡ್ವಾನ್ಸ್‌ಡ್ ಆದವರಿಗೆ 30 ಮೀಟರ್. ನಮ್ಮಲ್ಲಿ ಹೆಚ್ಚಿನವರು ಮೊದಲ ಗುಂಪಿಗೆ ಸೇರಿದವರು. ಅಂಥವರನ್ನು ನೀರು ಕಲಕಿರುವ ದಿನ ಸೆಳವಿರುವ ಜಾಗಕ್ಕೆ ಕರೆದೊಯ್ಯುತ್ತೇನೆ ಎನ್ನುವ ಅಂಗಡಿ ಎಷ್ಟೇ ಅಗ್ಗವಾದರೂ ಬೇಡ.

ಪೂರ್ವ ಬದಿಯ ಶಾಂತ ಕೊಲ್ಲಿ ಆರಿಸಿಕೊಂಡರೆ ಎಲ್ಲ ಮುಗಿಯಿತೇ? ಇಲ್ಲ ಎಂಬುದಕ್ಕೆ 2018ರ ದುರಂತ ಕಣ್ಣ ಮುಂದಿದೆ. ಆ ವರ್ಷ ಜುಲೈ 5ರಂದು ರಾಚಾದಿಂದ ಪ್ರವಾಸಿಗರನ್ನು ಹೊತ್ತು ಫುಕೆಟ್‌ಗೆ ಮರಳುತ್ತಿದ್ದ ‘ಫೀನಿಕ್ಸ್’ ಎಂಬ ಬೋಟು ಬಿರುಗಾಳಿಗೆ ಸಿಕ್ಕಿ ಮುಳುಗಿತು. 47 ಚೀನೀ ಪ್ರವಾಸಿಗರು ಸತ್ತರು. ಹವಾಮಾನದ ಎಚ್ಚರಿಕೆ ಮೊದಲೇ ಇತ್ತು. ನಂತರ ಬೋಟಿನ ನಿರ್ಮಾಣದಲ್ಲೇ ದೋಷವಿದ್ದದ್ದು ಹೊರಬಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಅವರು ಹೋಗಿದ್ದು ಮಳೆಗಾಲದಲ್ಲೂ ಸುರಕ್ಷಿತ ಎಂದು ಎಲ್ಲರೂ ಹೇಳುವ ದ್ವೀಪಕ್ಕೇ. ಕೊಲ್ಲಿಗೆ ದ್ವೀಪದ ಮರೆ ಇದೆ. ಆದರೆ ಚಲೋಂಗ್ ಧಕ್ಕೆಯಿಂದ ಅಲ್ಲಿಗೆ ಹೋಗುವ ದಾರಿ ತೆರೆದ ಕಡಲು. ಬೆಳಿಗ್ಗೆ ಶಾಂತವಾಗಿದ್ದ ನೀರು ಮಧ್ಯಾಹ್ನ ಹಾಗೇ ಇರಬೇಕೆಂದಿಲ್ಲ.

ಆದ್ದರಿಂದ ಜಾಗದ ಆಯ್ಕೆ ಎಂದರೆ ನಕ್ಷೆಯ ಮೇಲೆ ಒಂದು ಚುಕ್ಕೆ ಗುರುತಿಸುವುದಷ್ಟೇ ಆಗಬಾರದು. ದಾರಿ, ಬೋಟು, ಆ ದಿನದ ಗಾಳಿ ಎಲ್ಲವೂ ಅದರೊಳಗೆ ಬರಬೇಕು. ಮೊದಲೇ ಪೂರ್ತಿ ಹಣ ಕಟ್ಟಿರುವ ಪ್ಯಾಕೇಜು ತೊಂದರೆ ಕೊಡುವುದು ಇಲ್ಲೇ. ಮೂರೇ ದಿನ ರಜೆ, ಹಣ ವಾಪಸು ಬರುವುದಿಲ್ಲ, ಜೊತೆಗೆ ಬಂದವರು ಫೋಟೊ ಕಾಯುತ್ತಿರುತ್ತಾರೆ. ಅಂಥ ಸ್ಥಿತಿಯಲ್ಲಿ ‘ಇವತ್ತು ಬೇಡ’ ಎನ್ನುವುದು ಪ್ರವಾಸಿಗೂ ಕಷ್ಟ, ಬೋಟಿನವರಿಗೂ ಕಷ್ಟ.

ಮೂರು ದಿನದ ಪ್ರವಾಸಕ್ಕೆ ಇನ್ನೊಂದು ಲೆಕ್ಕವೂ ಇದೆ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂಬುದು ಎಲ್ಲೆಡೆ ಒಪ್ಪಿಕೊಂಡ ಸೂಚನೆ. ನೀರಿನ ಒತ್ತಡದಲ್ಲಿ ದೇಹದೊಳಗೆ ಕರಗಿದ ನೈಟ್ರೊಜನ್, ವಿಮಾನದೊಳಗಿನ ಕಡಿಮೆ ಒತ್ತಡಕ್ಕೆ ಗುಳ್ಳೆಗಳಾಗಿ ಹೊರಬಂದರೆ ಜೀವಕ್ಕೇ ಕುತ್ತು. ಅಂದರೆ ಬಂದಿಳಿದ ದಿನವೂ ಇಲ್ಲ, ಹೊರಡುವ ದಿನವೂ ಇಲ್ಲ. ನಡುವೆ ಸಿಗುವುದು ಒಂದೋ ಎರಡೋ ದಿನ. ಆ ದಿನವೇ ಗಾಳಿ ಎದ್ದರೆ ಪ್ರವಾಸದಲ್ಲಿ ಡೈವಿಂಗ್ ಇಲ್ಲ ಎಂದು ಒಪ್ಪಿಕೊಳ್ಳುವ ಮನಸ್ಸು ಮೊದಲೇ ಇರಬೇಕು. ಇಲ್ಲವಾದರೆ ಐದು ದಿನ ಇಟ್ಟುಕೊಂಡು ಹೋಗಬೇಕು. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿರುವುದಿಲ್ಲ ಎನ್ನುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಅದನ್ನು ಊರು ಬಿಡುವ ಮುಂಚೆಯೇ ಓದಿಕೊಳ್ಳುವುದು ಒಳ್ಳೆಯದು.

ಕಡಲಿನ ಕಡೆಯಿಂದ ನೋಡಿದರೂ ಪ್ರಶ್ನೆ ಇದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ನೋವಾ ಸಂಸ್ಥೆ ಜಗತ್ತಿನ ಹವಳಗಳು ನಾಲ್ಕನೇ ಬಾರಿಗೆ ಸಾಮೂಹಿಕವಾಗಿ ಬಿಳಿಚುತ್ತಿವೆ ಎಂದು ಘೋಷಿಸಿತು. ಆ ಬೇಸಿಗೆಯಲ್ಲಿ ಥಾಯ್ಲೆಂಡ್‌ನ ಹವಳಗಳೂ ಬಿಳಿಚಿದವು, ನಮ್ಮ ಲಕ್ಷದ್ವೀಪದವೂ ಬಿಳಿಚಿದವು. ಹೀಗೆ ಬಳಲಿದ ಹವಳಕ್ಕೆ ಚೇತರಿಸಿಕೊಳ್ಳಲು ಸಮಯ ಬೇಕು. ಮಳೆಗಾಲದಲ್ಲಿ ಪಶ್ಚಿಮ ಬದಿ ಮುಚ್ಚಿದಾಗ ಎಲ್ಲ ಬೋಟುಗಳೂ ಪೂರ್ವದ ಅವೇ ನಾಲ್ಕೈದು ಜಾಗಗಳಿಗೆ ನುಗ್ಗುತ್ತವೆ. ಅದರಲ್ಲೂ ನೀರಿನಲ್ಲಿ ಸಮತೋಲನ ಇನ್ನೂ ಕಲಿಯದ, ಕಾಲು ಬಡಿಯುವ ಹೊಸಬರೇ ಹೆಚ್ಚು. ಸಾಕಷ್ಟು ತರಬೇತಿ, ಅನುಭವ ಇಲ್ಲದವರು ಡೈವ್ ಮಾಡುವಾಗ ಕ್ಯಾಮೆರಾ ಹಿಡಿಯಬಾರದೆಂದು ಥಾಯ್ಲೆಂಡ್ 2025ರಲ್ಲಿ ನಿಯಮ ಮಾಡಿದ್ದು ಇಂಥ ಹಾನಿ ತಪ್ಪಿಸಲೆಂದೇ. ಫೋಟೊಗಾಗಿ ಹವಳವನ್ನು ಹಿಡಿದು ನಿಲ್ಲುವವರ ಸಾಲಿನಲ್ಲಿ ನಾವಿರಬಾರದು.

ಜೂನ್‌ನಿಂದ ಆಗಸ್ಟ್‌ವರೆಗೆ ಡೈವಿಂಗ್‌ಗಾಗಿಯೇ ಹೋಗುವವರಿಗೆ ಕೊ ತಾವೊ ಹೆಚ್ಚು ಹೊಂದುತ್ತದೆ. ಫುಕೆಟ್ ಟಿಕೆಟ್ ತೆಗೆದುಕೊಂಡು ಅಲ್ಲಿಗೆ ಹೋಗಲು ಹೊರಟರೆ ಒಂದು ದಿನ ಪ್ರಯಾಣಕ್ಕೇ ಹೋಗುತ್ತದೆ, ಹಾಗಾಗಿ ಟಿಕೆಟ್ ಕೊಳ್ಳುವ ಮೊದಲೇ ತೀರ್ಮಾನಿಸಬೇಕು. ಫುಕೆಟ್‌ಗೇ ಹೋಗುವವರು ಹಣ ಕಟ್ಟುವ ಮುನ್ನ ಡೈವ್ ಅಂಗಡಿಗೆ ಕೆಲವು ಪ್ರಶ್ನೆ ಕೇಳಲಿ. ನಮ್ಮನ್ನು ಇಳಿಸುವುದು ಯಾವ ದ್ವೀಪದ ಯಾವ ಬದಿಯಲ್ಲಿ? ಒಬ್ಬ ಬೋಧಕರಿಗೆ ಎಷ್ಟು ಜನ? ಬೋಟಿನಲ್ಲಿ ಆಮ್ಲಜನಕದ ಸಿಲಿಂಡರ್ ಮತ್ತು ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಹವಾಮಾನ ಕೆಟ್ಟು ಬೋಟು ಹೊರಡದಿದ್ದರೆ ಹಣ ವಾಪಸೇ? ಕೊನೆಯ ಪ್ರಶ್ನೆಗೆ ತಡವರಿಸದೆ ‘ಹೌದು’ ಎನ್ನುವವರ ಬೋಟು ಹತ್ತಬಹುದು. ಗಾಳಿ ಬಂದ ದಿನ ದಡದಲ್ಲೇ ಉಳಿಯಲು ಅವರಿಗೆ ನಷ್ಟದ ಭಯ ಇರುವುದಿಲ್ಲ.