ಹೊಳೆಗೆ ಹೋಗುವಾಗ ಒಂದು ಖಾಲಿ ಚೀಲ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಸಂಕ್ರಾಂತಿಗೆ ಸಜ್ಜೆರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ತುಂಗಭದ್ರೆಗೆ ಹೋಗುವವರು ನಾವು. ಸಿಂಗಟಾಲೂರಿನಲ್ಲಿ ಮಿಂದು, ವೀರಭದ್ರೇಶ್ವರನಿಗೆ ಕೈಮುಗಿದು, ಉಂಡು ಏಳುತ್ತೇವೆ. ಎದ್ದ ಮೇಲೆ ದಂಡೆಯಲ್ಲಿ ಉಳಿಯುವುದೇನು? ಶಾಂಪೂ ಪಾಕೀಟು, ನೀರಿನ ಬಾಟಲಿ, ಚಹಾದ ಕಪ್ಪು, ಹೂಕಾಯಿ ತಂದ ಕ್ಯಾರಿಬ್ಯಾಗು.

ಇದನ್ನು ಬರೀ ಕಸ ಎನ್ನಬೇಡಿ. ನಾಲ್ಕು ದಿನ ತಿಕ್ಕದ ಕೊಡದ ಒಳಮೈ ಬೆರಳಿಗೆ ಲೋಳೆಲೋಳೆಯಾಗಿ ಹತ್ತುತ್ತದಲ್ಲ, ನೀರಿಗೆ ಬಿದ್ದ ಪ್ಲಾಸ್ಟಿಕ್ಕಿನ ಮೇಲೂ ಅಂಥದೇ ಪದರ ಕಟ್ಟುತ್ತದೆ. ಅದು ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಮನೆ. ಗಟಾರಿನ ನೀರು ಸೇರಿದಲ್ಲಿ ಮಲದ ರೋಗಾಣುಗಳೂ ಅದರಲ್ಲಿ ಒಕ್ಕಲಾಗುತ್ತವೆ. ಆ ಲೋಳೆಯೊಳಗೆ ಕ್ಲೋರಿನ್ ಸುಲಭವಾಗಿ ಇಳಿಯದು. ಔಷಧಿಗೆ ಬಗ್ಗದ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸುವುದೂ ಅಲ್ಲಿಯೇ. ಎಲೆ, ಕಟ್ಟಿಗೆಯ ಮೇಲೂ ಅವು ಕೂಡುತ್ತವೆ, ನಿಜ. ಆದರೆ ಮುತ್ತುಗದೆಲೆ ಕೊಳೆತು ಮಣ್ಣಾಗುತ್ತದೆ. ಪ್ಲಾಸ್ಟಿಕ್ ವರ್ಷಗಟ್ಟಲೆ ಊರಿಂದೂರಿಗೆ ತೇಲುತ್ತದೆ.

ಅಟ್ಲಾಂಟಿಕ್ ಸಾಗರದ ಪ್ಲಾಸ್ಟಿಕ್ ಚೂರುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ಅವುಗಳ ಮೇಲಿನ ಜೀವಿಲೋಕಕ್ಕೆ ‘ಪ್ಲಾಸ್ಟಿಸ್ಫಿಯರ್’ ಎಂದೇ ಹೆಸರಿಟ್ಟರು. ಅಲ್ಲಿ ವಿಬ್ರಿಯೊ ಕುಲದ ಬ್ಯಾಕ್ಟೀರಿಯಾಗಳು ಸಿಕ್ಕವು. ಆ ಕುಲದವೆಲ್ಲ ರೋಗ ತರುವುದಿಲ್ಲ; ಕಾಲರಾ ತರುವುದು ಮಾತ್ರ ಅದೇ ಕುಲದ್ದು.

ಕಡಲು ನಮಗೆ ದೂರ ಎನ್ನುವಿರಾ? ತುಂಗಭದ್ರೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಇಳಿಯುತ್ತಾಳೆ. ನಮ್ಮ ಪಾಕೀಟೂ ಅದೇ ಹಾದಿ ಹಿಡಿಯುತ್ತದೆ. ಅಷ್ಟು ದೂರವೇಕೆ, ಗದಗ-ಬೆಟಗೇರಿಯ ನಳಕ್ಕೆ ನೀರು ಬರುವುದೇ ಹಮ್ಮಿಗಿಯಿಂದ, ಇದೇ ಹೊಳೆಯಿಂದ. ಪೇಟೆಗೆ ನೀರನ್ನು ಶುದ್ಧಮಾಡಿ ಬಿಡುತ್ತಾರೆ. ದಂಡೆಯ ಹಳ್ಳಿಯ ಮಕ್ಕಳು ಈಜುವುದು, ದನ ಕುಡಿಯುವುದು ಸೀದಾ ಹೊಳೆಯಲ್ಲೇ. ನನಗೆ ಕಳವಳ ಅವರದ್ದೇ.

ರಾಜ್ಯದಲ್ಲಿ ಕ್ಯಾರಿಬ್ಯಾಗಿಗೆ 2016ರಿಂದಲೇ ನಿಷೇಧವಿದೆ. ಸಂತೆಯಲ್ಲಿ ಇನ್ನೂ ಕೊಡುತ್ತಾರೆ, ನಾವೂ ಕೈಚಾಚುತ್ತೇವೆ. ಕೈಚಾಚುವುದನ್ನು ಮೊದಲು ಬಿಡೋಣ. ಬುತ್ತಿಗೆ ಅರಿವೆ, ನೀರಿಗೆ ಚರಗಿ, ಊಟಕ್ಕೆ ಮನೆಯ ತಾಟು ಒಯ್ಯೋಣ. ಮಳೆಗಾಲಕ್ಕೆ ಮುಂಚೆಯೇ ನಮ್ಮ ಓಣಿಯ ಗಟಾರಿನ ಪ್ಲಾಸ್ಟಿಕ್ ಎತ್ತಿಸೋಣ. ಮೊದಲ ಮಳೆ ಬಿದ್ದರೆ ಅದು ಹಳ್ಳದ ಪಾಲು.

ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಬೇರೆಯಾಗಿ ಕೇಳುತ್ತೇನೆ: ಹಬ್ಬದ ದಿನ ಹೊಳೆದಂಡೆಗೆ ಬನ್ನಿ, ಕೊಡದ ಲೋಳೆಯ ಮಾತನ್ನು ಜನರಿಗೆ ತಿಳಿಸಿ ಹೇಳಿ.

ಉಳಿದವರು ಬುತ್ತಿಗಂಟಿನ ಜೊತೆ ಒಂದು ಖಾಲಿ ಗೋಣಿಚೀಲ ತನ್ನಿ. ತಂದದ್ದನ್ನೆಲ್ಲ ಅದರಲ್ಲಿ ತುಂಬಿ ಮನೆಗೆ ಒಯ್ಯಿರಿ.