ಹೊಳಪೇ ಆರೋಗ್ಯವಲ್ಲ: ಬಿಸಿಲುನಾಡಿನಲ್ಲಿ ಚರ್ಮದ ಬೂಟುಗಳ ಆರೈಕೆ

ಪಾದರಕ್ಷೆಯು ಪಾದವನ್ನು ರಕ್ಷಿಸುವುದೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಆ ಪಾದರಕ್ಷೆಯನ್ನು ರಕ್ಷಿಸುವವರು ಯಾರೆಂದು ನಾವು ಕೇಳಿಕೊಳ್ಳುವುದು ಅಪರೂಪ. ಯಾದಗಿರಿ, ಶಹಾಪುರ, ಸುರಪುರಗಳಂತಹ ಊರುಗಳಲ್ಲಿ ಶಿಕ್ಷಕರು, ವಕೀಲರು, ಬ್ಯಾಂಕಿನ ನೌಕರರು, ಮದುವೆಯ ವರರು ಸಾವಿರಾರು ರೂಪಾಯಿ ತೆತ್ತು ಚರ್ಮದ ಬೂಟುಗಳನ್ನು ಕೊಳ್ಳುತ್ತಾರೆ. ಎಷ್ಟೋ ಬೂಟುಗಳು ಎರಡು ಬೇಸಗೆ ಕಳೆಯುವುದರೊಳಗೆ ಬಿರಿದು, ಅಟ್ಟೆ ಕಿತ್ತು, ಮೂಲೆ ಸೇರುತ್ತವೆ. ದೋಷವನ್ನು ನಾವು ಅಂಗಡಿಯವನ ಮೇಲೆ ಹೊರಿಸುತ್ತೇವೆ. ನನ್ನ ಅಭಿಪ್ರಾಯವೇ ಬೇರೆ: ನಮ್ಮ ಬೂಟುಗಳು ಸವೆಯುವುದಕ್ಕೆ ಮೊದಲೇ ಒಣಗಿ ಸಾಯುತ್ತವೆ. ಅವುಗಳಿಗೆ ಹೊಳಪು ಸಿಗುತ್ತದೆ, ಆರೈಕೆ ಸಿಗುವುದಿಲ್ಲ.

ಚರ್ಮವೆಂಬುದು ಕೊಲಾಜನ್ ಎಂಬ ಪ್ರೋಟೀನಿನ ಸೂಕ್ಷ್ಮ ತಂತುಗಳ ಹೆಣಿಗೆ. ಹಸಿ ತೊಗಲನ್ನು ಹಾಗೆಯೇ ಬಿಟ್ಟರೆ ಕೊಳೆಯುವುದು. ಒಣಗಿಸಿದರೆ ಹಲಗೆಯಂತೆ ಬಿಗಿಯುವುದು. ನಮ್ಮ ಹಿರಿಯರು ತಂಗಡಿಯ ತೊಗಟೆ, ಅಳಲೆಕಾಯಿಗಳಲ್ಲಿರುವ ಟ್ಯಾನಿನ್ನಿನಿಂದ ಅದನ್ನು ಹದಮಾಡುತ್ತಿದ್ದರು. ಇಂದಿನ ಬೂಟುಗಳ ಮೇಲ್ಭಾಗಕ್ಕೆ ಹೆಚ್ಚಾಗಿ ಬಳಸುವುದು ಕ್ರೋಮಿಯಂ ಲವಣಗಳಿಂದ ಹದಗೊಂಡ ಚರ್ಮ. ಕ್ರಮ ಯಾವುದಾದರೂ ತಂತುಗಳ ನಡುವೆ ಎಣ್ಣೆಯ ಅಂಶವಿರಬೇಕು. ಆ ಎಣ್ಣೆ, ಮತ್ತು ಸಾಧಾರಣ ಹವೆಯಲ್ಲಿ ಚರ್ಮದ ತೂಕದ ಸುಮಾರು ಶೇಕಡ 12ರಿಂದ 16ರಷ್ಟಿರುವ ನೀರಿನಂಶ, ಇವೆರಡರಿಂದಲೇ ತಂತುಗಳು ಸಲೀಸಾಗಿ ಜಾರಿ ಬೂಟು ಹೆಜ್ಜೆಗೆ ತಕ್ಕಂತೆ ಬಾಗುವುದು.

ಇನ್ನು ನಮ್ಮ ಸೀಮೆಯ ಹವೆಯನ್ನು ನೋಡೋಣ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಆಗ ಬೂಟಿನ ಒಳಮೈ ಬೆವರಿನಿಂದ ನೆನೆಯುವುದು, ಹೊರಮೈ ಬಿಸಿಗಾಳಿಗೆ ಒಣಗುವುದು. ಬೆವರಿನ ನೀರು ಆವಿಯಾದರೂ ಅದರ ಉಪ್ಪು ಚರ್ಮದಲ್ಲಿಯೇ ಉಳಿದು ಬಿಳಿಯ ಗೆರೆಗಳಾಗಿ ಕಾಣುವುದು. ಒದ್ದೆ ಬೂಟನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ಹೊರಪದರವು ಬೇಗ ಕುಗ್ಗಿ, ತಂತುಗಳು ಒಂದಕ್ಕೊಂದು ಅಂಟಿ ಗಡುಸಾಗುವುವು. ಬೆರಳುಗಳ ಬಳಿ ಬಾಗುವೆಡೆಯಲ್ಲಿ ಬಿರುಕು ಮೂಡುವುದು. ಮಳೆಗಾಲದ ಕಷ್ಟ ಬೇರೆ ಬಗೆಯದು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಜಲಾಶಯದ ಕಾಲುವೆಗಳಿಂದ ಗದ್ದೆಗಳಾದ ಕಡೆ ಮಳೆಯಿಲ್ಲದಾಗಲೂ ಎರೆಮಣ್ಣಿನ ಕೆಸರು ತಪ್ಪದು. ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವ ಈ ಮಣ್ಣು ಬೇಸಗೆಯಲ್ಲಿ ಹೊಲವನ್ನೇ ಸೀಳುವುದನ್ನು ರೈತರೆಲ್ಲ ಬಲ್ಲರು. ಬೂಟಿನ ಮೇಲೆ ಆರುವಾಗ ಅದು ಚರ್ಮದ ತೇವವನ್ನೂ ಹೀರಿಕೊಳ್ಳುವುದು.

ಇಂತಹ ಬೂಟಿಗೆ ನಾವು ಮಾಡುವ ಉಪಚಾರವೇನು? ಧೂಳನ್ನೂ ಒರಸದೆ ಪಾಲಿಶ್ ಬಳಿಯುವುದು. ಡಬ್ಬಿಯ ಪಾಲಿಶ್ ಮುಖ್ಯವಾಗಿ ಮೇಣ, ಬಣ್ಣ ಮತ್ತು ದ್ರಾವಕಗಳ ಮಿಶ್ರಣ. ಮೇಣವು ಹೊಳಪು ಕೊಡುವುದು, ನೀರನ್ನು ತುಸು ತಡೆಯುವುದು. ಒಳಗಿನ ಎಣ್ಣೆಯ ಕೊರತೆಯನ್ನು ತುಂಬಲಾರದು. ಧೂಳಿನ ಮೇಲೆಯೇ ತಿಕ್ಕಿದರಂತೂ ಉಪ್ಪುಕಾಗದದಿಂದ ಉಜ್ಜಿದಂತೆ.

ಕೆಲವರು ಅಡಿಗೆಮನೆಯ ಎಣ್ಣೆಯನ್ನೇ ಹಚ್ಚುವರು. ಇಲ್ಲಿಯೂ ಎಚ್ಚರ ಬೇಕು. ನಮ್ಮ ಭಾಗದ ಕುಸುಬೆ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಅಧಿಕ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಕ್ರಮೇಣ ಅಂಟಾಗಿ ಗಟ್ಟಿಯಾಗುವುದು. ಈ ಗುಣದಿಂದಲೇ ಅದು ಬಣ್ಣ, ವಾರ್ನಿಷ್‌ಗಳಿಗೆ ಒದಗಿತು. ಕಾಸಿ ಗಟ್ಟಿಮಾಡಿದ ಕುಸುಬೆ ಎಣ್ಣೆಯನ್ನು ನೀರಿನಲ್ಲಿ ನೆನೆಯುವ ತೊಗಲಿಗೆ ಹಿಂದೆ ಸವರುತ್ತಿದ್ದುದೂ ಉಂಟು. ನೀರನ್ನು ತಡೆಯಬೇಕಾದೆಡೆ ಅದು ಗುಣ. ದಿನಕ್ಕೆ ಸಾವಿರಾರು ಬಾರಿ ಬಾಗಬೇಕಾದ ಬೂಟಿಗೆ ದೋಷ. ಔಡಲೆಣ್ಣೆ, ಎಂದರೆ ಹರಳೆಣ್ಣೆ, ಹಾಗೆ ಗಟ್ಟಿಯಾಗದು.

ಸರಿಯಾದ ಕ್ರಮ ಕಷ್ಟದ್ದಲ್ಲ. ಒಂದು ದಿನ ಮೆಟ್ಟಿದ ಬೂಟಿಗೆ ಮರುದಿನ ವಿಶ್ರಾಂತಿ ಕೊಡಬೇಕು. ಬಿಚ್ಚಿದೊಡನೆ ಹಳೆಯ ಪತ್ರಿಕೆಯ ಉಂಡೆಗಳನ್ನು ಒಳಗೆ ತುಂಬಿ ನೆರಳಿನಲ್ಲಿ ಗಾಳಿಯಾಡುವೆಡೆ ಇಡಬೇಕು. ಕೆಸರನ್ನು ಆರಲು ಬಿಡದೆ ಒದ್ದೆ ಬಟ್ಟೆಯಿಂದ ಒರಸಬೇಕು. ನಯವಾದ ಚರ್ಮವಾದರೆ ತಿಂಗಳಿಗೊಮ್ಮೆ, ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಚರ್ಮಕ್ಕೆಂದೇ ತಯಾರಾದ ಕ್ರೀಮನ್ನು ತೆಳುವಾಗಿ ಸವರಬೇಕು. ಅದು ದೊರೆಯದಿದ್ದರೆ ಬಟ್ಟೆಗೆ ತಗುಲಿಸಿದ ನಾಲ್ಕೈದು ಹನಿ ಔಡಲೆಣ್ಣೆ ಸಾಕು. ಒಂದು ರಾತ್ರಿ ಬಿಟ್ಟು ಮಿಕ್ಕದ್ದನ್ನು ಒರಸಬೇಕು. ಮೇಣದ ಪಾಲಿಶ್ ಆಮೇಲಿನ ಮಾತು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುವುದು.

ಕೊಳ್ಳುವಾಗಲೂ ವಿವೇಕ ಬೇಕು. ಹೊಲಿದ ಅಟ್ಟೆ ಸವೆದರೆ ಬಿಚ್ಚಿ ಹೊಸದನ್ನು ಹಾಕಬಹುದು. ಪಾಲಿಯುರಿಥೇನಿನ ಅಚ್ಚಿನ ಅಟ್ಟೆಯಾದರೋ ಹಗುರವಾಗಿದ್ದರೂ ಗಾಳಿಯ ತೇವದಿಂದ ವರ್ಷಗಳು ಕಳೆದಂತೆ ಒಡೆದುಹೋಗುವುದು. ಮದುವೆಯಲ್ಲಿ ಒಮ್ಮೆ ತೊಟ್ಟು ಪೆಟ್ಟಿಗೆಯಲ್ಲಿಟ್ಟ ಬೂಟು ಕೆಲವು ವರ್ಷಗಳ ಮೇಲೆ ಹೊರತೆಗೆದಾಗ ಅಡಿಯಲ್ಲಿ ಪುಡಿಪುಡಿಯಾಗುವುದು ಈ ರಾಸಾಯನಿಕ ಕ್ರಿಯೆಯ ಫಲ.

ಹೊಸದನ್ನು ಕೊಂಡರಾಯಿತು, ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಬೂಟಿನ ಬೆಲೆ ಹಣವಷ್ಟೇ ಆಗಿದ್ದರೆ ಆ ವಾದಕ್ಕೆ ಅರ್ಥವಿತ್ತು. ಅದರಲ್ಲಿ ಒಂದು ಪ್ರಾಣಿಯ ತೊಗಲಿದೆ, ಹದಮಾಡಲು ಬಳಸಿದ ಅಪಾರ ನೀರಿದೆ, ಕೈಕೆಲಸವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಪಾದರಕ್ಷೆ ಮಾಡುತ್ತಿದ್ದ ಹರಳಯ್ಯನವರನ್ನು ಶರಣರೆಂದು ಕೈಮುಗಿಯುವ ನಾವು, ಬಸ್ ನಿಲ್ದಾಣದ ಬಳಿ ಬಿಸಿಲಲ್ಲಿ ಕುಳಿತು ಅದೇ ಕಾಯಕ ಮಾಡುವವರೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ತೊಗಲಿನ ಗುಣವನ್ನು ಬೆರಳಿನಿಂದಲೇ ಬಲ್ಲವರ ವಿದ್ಯೆಯನ್ನು ಜಾತಿಯ ಹೆಸರಿನಲ್ಲಿ ಕೀಳೆಂದೆವು. ಮದರಾಸಿನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾಲಯವೂ, 1976ರಲ್ಲಿ ಆರಂಭವಾದ ನಮ್ಮ ರಾಜ್ಯದ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮವೂ ನಮಗಿವೆ. ತಯಾರಿಕೆಯಷ್ಟೇ ದುರಸ್ತಿಯೂ ಒಂದು ಶಾಸ್ತ್ರವೆಂದು ಗಣಿಸಿ, ತಾಲ್ಲೂಕು ಕೇಂದ್ರಗಳಲ್ಲಿ ಅದರ ತರಬೇತಿ, ಒಳ್ಳೆಯ ಸಾಮಗ್ರಿ, ಕೂಡಲು ನೆರಳು ದೊರೆಯಬೇಕು. ನಮ್ಮ ಪಾಲಿನ ಕೆಲಸ ಅದಕ್ಕಿಂತ ಚಿಕ್ಕದು: ಬೂಟನ್ನು ನೆರಳಿನಲ್ಲಿ ಆರಿಸುವುದು, ಹಿಮ್ಮಡಿ ಪೂರ್ತಿ ಸವೆಯುವ ಮೊದಲೇ ಅವರಲ್ಲಿಗೆ ಒಯ್ಯುವುದು, ಕೇಳಿದ ಕೂಲಿಯನ್ನು ಕೊಡುವುದು.